ನಡುವೆ ತುಂಡಾಗುವ ಉಣ್ಣೆ

ಉಣ್ಣೆಯ ಹರಾಜು ಮಳಿಗೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಅಲ್ಲಿ ಎಲ್ಲರಿಗೂ ಅವನು 'ರೇಷ್ಮೆ'. ಸಾಕುತ್ತಿದ್ದದ್ದು ಕುರಿಗಳನ್ನೇ. ಆದರೆ ಯಾವಾಗಲೋ ಒಮ್ಮೆ, ಬೆಲೆ ಇಳಿಸಲು ನೋಡುತ್ತಿದ್ದ ದಲ್ಲಾಳಿಯ ಮುಂದೆ, "ಸರಿಯಾಗಿ ಮುಟ್ಟಿ ನೋಡ್ರೀ, ಇದು ಉಣ್ಣೆ ಅಲ್ಲ, ರೇಷ್ಮೆ" ಎಂದು ದನಿ ಏರಿಸಿ ಹೇಳಿದ್ದ. ಮುಂದಿನ ಹರಾಜಿನಲ್ಲಿ ಹಮಾಲಿಗಳು ಅವನ ಮೂಟೆಗಳನ್ನು ಇಳಿಸುವಾಗ "ರೇಷ್ಮೆ ಬಂತು, ದಾರಿ ಬಿಡ್ರಪ್ಪೋ" ಎಂದು ಕೂಗಿದರು. ಮೊದಲು ಅವನಿಗೆ ಕಿರಿಕಿರಿಯಾಯಿತು. ಆಮೇಲೆ ರೂಢಿಯಾಯಿತು. ಇನ್ನೂ ಆಮೇಲೆ, ಯಾರಾದರೂ ಹಾಗೆ ಕೂಗದೆ ಹೋದರೆ ಮುಖ ಊದಿಸಿಕೊಳ್ಳುವ ಮಟ್ಟಕ್ಕೆ ಬಂದ.

ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಕುರಿಗಳು ಸಣ್ಣ ಎಳೆಯ ಉಣ್ಣೆ ಕೊಡುವ ತಳಿ, ಅಪ್ಪನ ಕಾಲದಿಂದ ಬಂದದ್ದು. ಉಣ್ಣೆ ಕತ್ತರಿಸಿದ ಮೇಲೆ ಬೇರೆಯವರು ಸಿಕ್ಕಿದ್ದನ್ನೆಲ್ಲ ಮೂಟೆಗೆ ತುರುಕಿ ತೂಕಕ್ಕೆ ಹಾಕುತ್ತಿದ್ದರು. ಇವನು ಒಂದೊಂದು ಕುರಿಯ ಉಣ್ಣೆಯನ್ನೂ ಕಂಬಳಿಯ ಹಾಗೆ ಮೇಜಿನ ಮೇಲೆ ಹರಡುತ್ತಿದ್ದ. ಹೊಟ್ಟೆಯ ಭಾಗದ ಸಿಕ್ಕುಗಟ್ಟಿದ ಉಣ್ಣೆ ಬೇರೆ, ಸಗಣಿ ಮೆತ್ತಿದ ಅಂಚು ಬೇರೆ, ಮುಳ್ಳು ಹತ್ತಿದ್ದು ಬೇರೆ. ಬಿಳಿಯ ಉಣ್ಣೆಯಲ್ಲಿ ಒಂದು ಕಪ್ಪು ಕೂದಲು ಕಂಡರೂ ಕನ್ನಡಕ ಹಾಕಿಕೊಂಡು ಕೂತು ಕೀಳುತ್ತಿದ್ದ. ಇಷ್ಟೆಲ್ಲ ಆದಮೇಲೆ ತೂಕ ಕಡಿಮೆಯಾಗುತ್ತಿತ್ತು, ಕಿಲೋಗೆ ಸಿಗುವ ಬೆಲೆ ಮಾತ್ರ ಏರುತ್ತಿತ್ತು. ಕಳೆದದ್ದಕ್ಕಿಂತ ಬಂದದ್ದು ಯಾವಾಗಲೂ ಜಾಸ್ತಿಯೇ.

ಮಳಿಗೆಯಲ್ಲಿ ಮೂಟೆಗಳನ್ನು ಮೂರು ಸಾಲಿನಲ್ಲಿ ಇಡುತ್ತಿದ್ದರು. ಮೊದಲ ಸಾಲು ಗಾಜಿನ ಚಾವಣಿಯ ಕೆಳಗೆ, ಒಳ್ಳೆಯ ಬೆಳಕಿನಲ್ಲಿ. ದೊಡ್ಡ ಬಟ್ಟೆ ಮಿಲ್ಲುಗಳ ಖರೀದಿದಾರರು ನೇರ ಅಲ್ಲಿಗೇ ಬರುತ್ತಿದ್ದರು. ಎರಡನೆಯದು ಮಧ್ಯಮದ್ದು. ಮೂರನೆಯ ಸಾಲು ಶೌಚಾಲಯದ ಪಕ್ಕ. ಅಲ್ಲಿಗೆ ಬರುವವರು ಉಣ್ಣೆ ನೋಡಲು ಬಂದರೋ ಬೇರೆ ಕೆಲಸಕ್ಕೆ ಬಂದರೋ ಹೇಳುವುದು ಕಷ್ಟ. ಯಾವ ಮೂಟೆ ಯಾವ ಸಾಲಿಗೆ ಎಂದು ತೀರ್ಮಾನಿಸುತ್ತಿದ್ದವಳು ಮಳಿಗೆಯ ಪರೀಕ್ಷಕಿ. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಕಿವಿ ಚುರುಕು. ಮೂಟೆಯೊಳಗೆ ಕೈ ಹಾಕಿ ಒಂದು ಕುಚ್ಚು ಉಣ್ಣೆ ಎಳೆದು, ಎರಡು ತುದಿಯನ್ನೂ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ತಂದು ನಡುಬೆರಳಿನಿಂದ ಮೀಟುತ್ತಿದ್ದಳು. ಗಟ್ಟಿ ಉಣ್ಣೆಯಾದರೆ ತಂತಿಯ ಹಾಗೆ ಸಣ್ಣಗೆ 'ಟಂಯ್' ಎನ್ನುತ್ತಿತ್ತು. ಬಲವಿಲ್ಲದ್ದಾದರೆ 'ಟಕ್' ಎಂದು ಕಡಿಯುತ್ತಿತ್ತು. ಹಾಗಾಗಿ ಬೆನ್ನ ಹಿಂದೆ ಅವಳಿಗೆ ಟಕ್ಕಮ್ಮ ಎಂದು ಹೆಸರು. ಅವಳಿಗೂ ಅದು ಗೊತ್ತಿತ್ತು.

ಆ ವರ್ಷದ ಹರಾಜಿಗೆ ಅವನು ತಂದ ಉಣ್ಣೆ ನೋಡಲು ಹಿಂದಿನ ಯಾವ ವರ್ಷಕ್ಕಿಂತಲೂ ಕಡಿಮೆ ಇರಲಿಲ್ಲ. ಬಿಳುಪು, ಉದ್ದ, ನುಣುಪು ಎಲ್ಲ ಇತ್ತು. ಹಮಾಲಿಗಳು ವಾಡಿಕೆಯಂತೆ ಕೂಗಿದರು. ಮೂಟೆಗಳು ತಾವಾಗಿಯೇ ಮೊದಲ ಸಾಲಿಗೆ ಹೋದವು. ಟಕ್ಕಮ್ಮ ಬಂದಳು. ಮೊದಲ ಮೂಟೆಯಿಂದ ಒಂದು ಕುಚ್ಚು ಎಳೆದು ಮೀಟಿದಳು.

ಟಕ್.

ಅವಳು ಮುಖದಲ್ಲಿ ಏನನ್ನೂ ತೋರಿಸದೆ ಇನ್ನೊಂದು ಕುಚ್ಚು ತೆಗೆದಳು. ಅದೂ ಕಡಿಯಿತು. ಎರಡನೆಯ ಮೂಟೆಗೆ ಹೋದಳು, ಮೂರನೆಯದಕ್ಕೆ ಹೋದಳು. ಪಕ್ಕದ ಸಾಲಿನಲ್ಲಿ ಟೀ ಕುಡಿಯುತ್ತ ನಿಂತಿದ್ದ ಒಂದಿಬ್ಬರು ಇತ್ತ ತಿರುಗಿದರು.

"ಈ ಸಲ ಕುರಿಗಳಿಗೆ ಏನಾಗಿತ್ತು?" ಎಂದು ಕೇಳಿದಳು.

"ಏನೂ ಆಗಿರ್ಲಿಲ್ಲ ಮೇಡಂ. ನನಗೇ ಮೈ ಹುಷಾರಿರ್ಲಿಲ್ಲ."

"ನಾನು ನೋಡ್ತಿರೋದು ನಿಮ್ಮ ಮೈ ಮೇಲಿನ ಉಣ್ಣೆ ಅಲ್ವಲ್ಲ."

ಯಾರೋ ನಕ್ಕರು. ಅವನು ನಗಲಿಲ್ಲ. "ಕಣ್ಣಿಗೆ ಚೆನ್ನಾಗೇ ಇದೆಯಲ್ಲ?" ಎಂದ.

"ಕಣ್ಣಿಗೆ ಚೆನ್ನಾಗಿದೆ. ಅದಕ್ಕೇ ನಾನು ಕಿವೀಲಿ ನೋಡೋದು." ಅವಳು ಮತ್ತೊಂದು ಕುಚ್ಚನ್ನು ಅವನ ಕೈಗೇ ಕೊಟ್ಟಳು. "ನೀವೇ ಎಳೀರಿ. ಎಲ್ಲಿ ಕಡಿಯುತ್ತೆ ನೋಡಿ."

ಅವನು ಎಳೆದ. ಸರಿಯಾಗಿ ನಡುವೆ ಕಡಿದು ಎರಡು ಕೈಗೆ ಎರಡು ತುಂಡು ಬಂತು.

"ತುದಿ ಹತ್ರ ಕಡಿದಿದ್ರೆ ಹೇಗೋ ನಡೀತಿತ್ತು. ಬುಡದ ಹತ್ರ ಆಗಿದ್ರೂ ಏನೋ ಮಾಡಬಹುದಿತ್ತು. ಇದು ಪೂರಾ ಮಧ್ಯ. ಮಿಲ್ಲಿನ ಬಾಚಣಿಗೆಗೆ ಸಿಕ್ತು ಅಂದ್ರೆ ಒಂದು ಉದ್ದನೆ ಎಳೆ ಹೋಗಿ ಎರಡು ಮೋಟು ಎಳೆ ಆಗುತ್ತೆ. ಮೋಟು ಎಳೇಲಿ ಸೂಟಿನ ಬಟ್ಟೆ ಆಗುತ್ತಾ?" ಅವಳ ಮಾತಿನಲ್ಲಿ ಬೈಗುಳವೂ ಇರಲಿಲ್ಲ, ಕನಿಕರವೂ ಇರಲಿಲ್ಲ. "ಉಣ್ಣೆ ದಿನಾ ಬೆಳೆಯೋ ವಸ್ತು. ಯಾವುದೋ ಒಂದಿಷ್ಟು ದಿನ ನಿಮ್ಮ ಕುರಿಗಳು ಸರಿಯಾಗಿ ತಿಂದಿಲ್ಲ. ಆ ದಿನಗಳಲ್ಲಿ ಬೆಳೆದ ಎಳೆ ತೆಳ್ಳಗಾಗಿದೆ. ಅಷ್ಟೇ."

ಸೀಮೆಸುಣ್ಣದಿಂದ ಮೂಟೆಯ ಮೇಲೆ ಒಂದು ಗೀಟು ಎಳೆದು ಮುಂದೆ ಹೋದಳು. ಹಮಾಲಿಗಳು ಬಂದು ಮೂಟೆಗಳನ್ನು ಶೌಚಾಲಯದ ಪಕ್ಕಕ್ಕೆ ಸಾಗಿಸಿದರು. ಈ ಸಲ ಯಾರೂ ಕೂಗಲಿಲ್ಲ.

ಮಿಲ್ಲಿನವರು ಯಾರೂ ಆ ಕಡೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಉಣ್ಣೆಯನ್ನು ಒದ್ದೆ ಮಾಡಿ, ಒತ್ತಿ, ಬೂಟಿನೊಳಗೆ ಇಡುವ ಮೆತ್ತೆ ತಯಾರಿಸುವವನೊಬ್ಬ ಬಂದು ಬೆಲೆ ಹೇಳಿದ. ಹಿಂದಿನ ವರ್ಷದ ಬೆಲೆಯ ಅರ್ಧಕ್ಕೆ ಸ್ವಲ್ಪ ಮೇಲೆ. ಬೇರೆ ದಾರಿ ಇರಲಿಲ್ಲ. "ನಮಗೆ ಎಳೆ ತುಂಡಾದ್ರೂ ಒಂದೇ, ಆಗದಿದ್ರೂ ಒಂದೇ" ಎಂದು ಆತ ಸಮಾಧಾನ ಹೇಳಿದ. "ರೇಷ್ಮೆ ಕಾಲಡಿಗೆ ಬಂತು ಅಂತ ಬೇಜಾರು ಮಾಡ್ಕೋಬೇಡಿ. ಎಷ್ಟೋ ಜನರ ಪಾದ ಬೆಚ್ಚಗಿರುತ್ತೆ."

ಖಾಲಿ ಟೆಂಪೊದಲ್ಲಿ ಡ್ರೈವರನ ಪಕ್ಕ ಕೂತು ವಾಪಸಾಗುವಾಗ ಅವನ ಕೈಯಲ್ಲಿ ಒಂದು ಕುಚ್ಚು ಉಣ್ಣೆ ಇತ್ತು. ತುದಿಯೆಂದರೆ ಹೋದ ಬೇಸಿಗೆ, ಬುಡವೆಂದರೆ ಈ ಬೇಸಿಗೆ. ನಡುವೆ ಎಂದರೆ ಚಳಿಗಾಲ. ಚಳಿಗಾಲದಲ್ಲಿ ತಾನು ಎಲ್ಲಿದ್ದೆ ಎಂಬುದನ್ನು ಬೆರಳು ಮಡಚಿ ಲೆಕ್ಕ ಹಾಕಬೇಕಾಗಿರಲಿಲ್ಲ.

ಆ ಚಳಿಗಾಲದಲ್ಲಿ ಅವನಿಗೆ ಕೆಮ್ಮು ಶುರುವಾಗಿ, ಕೆಮ್ಮು ಜ್ವರಕ್ಕೆ ತಿರುಗಿ, ಜ್ವರ ಎದೆಗೆ ಇಳಿದಿತ್ತು. ಹತ್ತಿರದ ಆಸ್ಪತ್ರೆಯವರು ತಮ್ಮ ಕೈಲಾಗದೆಂದು ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. ಹೆಂಡತಿ ಜೊತೆಗೆ ಹೋಗಿದ್ದಳು. ಅಲ್ಲಿಂದ ಮುಂದಿನದು ಅವನಿಗೆ ಸರಿಯಾಗಿ ನೆನಪಿಲ್ಲ. "ಜ್ವರ ಜಾಸ್ತಿ ಇತ್ತು, ನಿದ್ದೆ ಬರೋ ಔಷಧಿ ಕೊಟ್ಟಿದ್ರು" ಎಂದು ಹೆಂಡತಿ ಆಮೇಲೆ ಹೇಳಿದ್ದಳು. ಅವನೂ ಹೆಚ್ಚು ಕೇಳಿರಲಿಲ್ಲ. ಕಣ್ಣು ಬಿಟ್ಟ ದಿನ ಅವನು ಮೊದಲು ಕೇಳಿದ್ದು ಕುರಿಗಳ ವಿಷಯ. "ನಿಮ್ಮ ತಮ್ಮ ನೋಡ್ಕೊಳ್ತಿದಾನೆ" ಎಂದಿದ್ದಳು.

ತಮ್ಮನಿಗೂ ಕುರಿಗೂ ಚಿಕ್ಕಂದಿನಿಂದ ಆಗಿಬರುತ್ತಿರಲಿಲ್ಲ. ಉಣ್ಣೆ ಮೂಗಿನ ಹತ್ತಿರ ಬಂದರೆ ಸಾಕು, ಸೀನು ಶುರುವಾಗಿ ಕಣ್ಣು ಕೆಂಪಗಾಗುತ್ತಿತ್ತು. ಹಾಗಾಗಿ ಅಪ್ಪ ಹಿಂಡನ್ನು ದೊಡ್ಡವನಿಗೆ ಬಿಟ್ಟು, ಚಿಕ್ಕವನಿಗೆ ಪಟ್ಟಣದಲ್ಲಿ ಒಂದು ಟೈರ್ ಅಂಗಡಿ ಹಾಕಿಕೊಟ್ಟಿದ್ದ. ಮದುವೆಯಾಗಿರಲಿಲ್ಲ. ಪ್ರತಿ ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಬಂದು, ದೊಡ್ಡಿಯಿಂದ ಆದಷ್ಟು ದೂರದ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದ. ಅಣ್ಣ ಕಾಯಿಲೆ ಬಿದ್ದಾಗ ಅಂಗಡಿಗೆ ಬಾಗಿಲು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಹಟ್ಟಿಯಲ್ಲಿ ಇದ್ದವನು ಅವನೇ. ಅಣ್ಣ ಮನೆಗೆ ಮರಳುವ ಹೊತ್ತಿಗೆ ಹೊಸ ಹುಲ್ಲು ಚಿಗುರಿತ್ತು. ಕುರಿಗಳು ಮೇದು ಮೈ ತುಂಬಿಕೊಂಡವು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ.

ಅವನು ಟೆಂಪೊವನ್ನು ಮನೆಯ ಕಡೆ ಬಿಡದೆ ಪಟ್ಟಣದ ಕಡೆ ತಿರುಗಿಸಲು ಹೇಳಿದ.

ತಮ್ಮ ಅಂಗಡಿಯ ಮುಂದೆ ನೀರಿನ ತೊಟ್ಟಿಯಲ್ಲಿ ಟ್ಯೂಬ್ ಅದ್ದಿ, ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ಸ್ಕೂಟರಿನವನೊಬ್ಬ ಬೆಂಚಿನ ಮೇಲೆ ಕಾಯುತ್ತಿದ್ದ.

"ಬಾ ಅಣ್ಣ. ಎಷ್ಟಕ್ಕೆ ಹೋಯ್ತು?"

ಅಣ್ಣ ಕುಚ್ಚನ್ನು ಅವನ ಮುಖದ ಮುಂದೆ ಹಿಡಿದು ಎಳೆದ. ಅದು ಕಡಿಯಿತು. ತಮ್ಮ ಜೋರಾಗಿ ಸೀನಿದ.

"ಇದೇನು ಅಂತ ಗೊತ್ತಾ? ನೀನು ನೋಡ್ಕೊಂಡ ಕುರಿಗಳ ಉಣ್ಣೆ. ಚಳಿಗಾಲದಲ್ಲಿ ಬೆಳೆದ ಜಾಗದಲ್ಲೇ ಸರಿಯಾಗಿ ತುಂಡಾಗ್ತಿದೆ. ಮೂರನೇ ಸಾಲಿಗೆ ಹಾಕಿದ್ರು. ಅರ್ಧ ಬೆಲೆ. ಏನು ಹಾಕ್ದೆ ಅವಕ್ಕೆ?"

ತಮ್ಮ ಕೈ ಒರೆಸಿಕೊಂಡ. "ಹುಲ್ಲು ಹಾಕ್ದೆ."

"ಯಾವ ಹುಲ್ಲು?"

"ಹುಲ್ಲು ಅಂದ್ರೆ ಹುಲ್ಲು ಅಣ್ಣ."

"ನೀನಿಲ್ಲಿ ಲಾರಿಗೆ ಸೈಕಲ್ ಟೈರ್ ಹಾಕಿ ಕಳಿಸ್ತೀಯಾ, ಟೈರ್ ಅಂದ್ರೆ ಟೈರ್ ಅಂತ?"

ಬೆಂಚಿನ ಮೇಲಿದ್ದವನು ನಗು ತಡೆಯಲು ರಸ್ತೆಯ ಕಡೆ ಮುಖ ತಿರುಗಿಸಿದ. ತಮ್ಮ ಸ್ವಲ್ಪ ಹೊತ್ತು ತೊಟ್ಟಿಯ ನೀರನ್ನೇ ನೋಡುತ್ತಿದ್ದ.

"ಆಯ್ತು. ನಂದೇ ತಪ್ಪು ಅಂತಿಟ್ಕೋ" ಎಂದ ಕೊನೆಗೆ.

"ಇಟ್ಕೋ ಅಂದ್ರೇನೋ? ತಪ್ಪು ಹೌದೋ ಅಲ್ವೋ?"

"ಹೌದು. ಎಷ್ಟು ಲುಕ್ಸಾನಾಗಿದೆ ಹೇಳು, ನಿಧಾನಕ್ಕೆ ತುಂಬ್ಕೊಡ್ತೀನಿ."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ದುಡ್ಡಿನ ಮಾತು ಬಂದದ್ದೇ ಅಣ್ಣನಿಗೆ ಇನ್ನಷ್ಟು ಉರಿಯಿತು. ಮಳಿಗೆಯಲ್ಲಿ ನುಂಗಿಕೊಂಡಿದ್ದೆಲ್ಲ ಇಲ್ಲಿ ಹೊರಬಂತು. "ಅಪ್ಪ ಹಿಂಡು ನನಗೆ ಕೊಟ್ಟ ಅನ್ನೋ ಹೊಟ್ಟೆಕಿಚ್ಚು ನಿನಗೆ ಮೊದಲಿಂದ್ಲೂ ಇತ್ತು. ನಾನು ಹಾಸಿಗೆ ಹಿಡಿದದ್ದೇ ಸಮಯ ಅಂತ ಮೂಕ ಪ್ರಾಣಿಗಳ ಮೇಲೆ ತೀರಿಸ್ಕೊಂಡೆ. ಇನ್ಮೇಲೆ ಮನೆ ಕಡೆ ಕಾಲಿಡಬೇಡ."

ತಮ್ಮ ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದ. "ಗಿರಾಕಿ ಕಾಯ್ತಿದಾರೆ ಅಣ್ಣ" ಎಂದ, ತಲೆ ಎತ್ತದೆ.

ಮನೆಯಲ್ಲಿ ಅಣ್ಣ ಹೆಂಡತಿಗೆ ಎಲ್ಲವನ್ನೂ ಹೇಳಿದ: ಮೂರನೆಯ ಸಾಲು, ಮೆತ್ತೆ ಮಾಡುವವನು, ಟೈರ್ ಅಂಗಡಿ. ಅವಳು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಅವಳು ಹೀಗೆ ಸುಮ್ಮನಿರುವವಳಲ್ಲ. ತರಕಾರಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ವಾರವಿಡೀ ಅದನ್ನೇ ಹೇಳುವವಳು. ಬೆಲೆ ಬಿದ್ದ ಆಘಾತವೆಂದು ಅವನು ಭಾವಿಸಿದ.

ಮುಂದಿನ ಭಾನುವಾರ ತಮ್ಮ ಬರಲಿಲ್ಲ. ಅವಳು ಮೂವರಿಗಾಗುವಷ್ಟು ಅಡಿಗೆ ಮಾಡಿದ್ದಳು. ಉಳಿದದ್ದನ್ನು ಇಬ್ಬರೂ ಸೋಮವಾರ ಬಿಸಿ ಮಾಡಿಕೊಂಡು ತಿಂದರು. ಅದರ ಮುಂದಿನ ಭಾನುವಾರವೂ ಹಾಗೇ ಆಯಿತು.

"ಎಷ್ಟು ಜನಕ್ಕೆ ಮಾಡ್ತೀಯ?" ಎಂದು ಅವನು ರೇಗಿದ.

"ಕೈ ಅಳತೆ" ಎಂದಳು ಅವಳು.

ಆ ವಾರದಲ್ಲೇ ಕುರಿಗಳ ಗೊರಸು ಕತ್ತರಿಸುವ ಕೆಲಸ ಬಂತು. ಅದು ಇಬ್ಬರು ಸೇರಿ ಮಾಡಬೇಕಾದದ್ದು. ಅವನು ಕುರಿಯನ್ನು ಹಿಂದಕ್ಕೆ ಒರಗಿಸಿ ಕೂರಿಸಿ, ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿಯುತ್ತಿದ್ದ. ಅವಳು ಎದುರಿಗೆ ಕೂತು ಬೆಳೆದ ಗೊರಸನ್ನು ಕತ್ತರಿಯಿಂದ ಕತ್ತರಿಸುತ್ತಿದ್ದಳು. ಹಾಗೆ ಕೂರಿಸಿದರೆ ಕುರಿ ತೆಪ್ಪಗಾಗುತ್ತದೆ. ಹಿಡಿದವನೂ ಎದ್ದು ಹೋಗುವಂತಿಲ್ಲ. ಮೂರನೆಯದೋ ನಾಲ್ಕನೆಯದೋ ಕುರಿಯ ಹೊತ್ತಿಗೆ ಅವಳು ಮಾತು ತೆಗೆದಳು.

"ನಿಮ್ಮ ತಮ್ಮನ್ನ ಮನೆಗೆ ಕರೀರಿ."

"ಯಾಕೆ?"

"ಉಣ್ಣೆ ಹಾಳಾಗಿದ್ದು ಅವನಿಂದ ಅಲ್ಲ. ನನ್ನಿಂದ. ಕಾಲು ಸರಿಯಾಗಿ ಹಿಡ್ಕೊಳ್ಳಿ, ಒದೀತಿದೆ."

ಅವನು ಹಿಡಿದುಕೊಂಡ. ಅವಳು ಕತ್ತರಿಸುತ್ತಲೇ ಹೇಳಿದಳು. ದೊಡ್ಡ ಆಸ್ಪತ್ರೆಗೆ ಹೋದ ಕೆಲವು ದಿನಕ್ಕೆ ಅವನ ಎದೆಯಲ್ಲಿ ಕೀವು ತುಂಬಿತು. ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸುತ್ತಿದ್ದರು. ಒಂದು ಬೆಳಿಗ್ಗೆ ಡಾಕ್ಟರು ಅವಳನ್ನು ವಾರ್ಡಿನಿಂದ ಹೊರಗೆ ಕರೆದುಕೊಂಡು ಹೋಗಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತು, ಯಾರಿಗೆ ಹೇಳಿಕಳಿಸಬೇಕೋ ಹೇಳಿಕಳಿಸಿಬಿಡಿ ಎಂದರು. ಅವಳು ತಮ್ಮನಿಗೆ ಫೋನ್ ಮಾಡಿದಳು.

"ಅವನು ಕುರಿಗಳಿಗೇನು ಮಾಡ್ಲಿ ಅತ್ತಿಗೆ ಅಂದ. ಕುರಿ ಸತ್ರೆ ಸಾಯ್ಲಿ, ನೀನು ಹೊರಟು ಬಾ ಅಂದೆ. ನನ್ನ ಕೈಲಿ ಒಬ್ಬಳೇ ಕೂತು ನೋಡೋಕಾಗ್ತಿರ್ಲಿಲ್ಲ."

ತಮ್ಮ ಪಕ್ಕದ ಮನೆಯ ಮುದುಕನಿಗೆ ಹೇಳಿ ಓಡಿ ಬಂದಿದ್ದ. ಮುದುಕ ಬಸ್ ಡ್ರೈವರಾಗಿ ನಿವೃತ್ತನಾದವನು. ಒಳ್ಳೆಯವನು, ಆದರೆ ಕುರಿಯ ಗಂಧ ಗೊತ್ತಿಲ್ಲದವನು. ಕುರಿಗಳ ಕಾಲಡಿಗೆ ಹಾಸಲು ರಾಶಿ ಹಾಕಿದ್ದ ಗೋಧಿಯ ಒಣಕಡ್ಡಿಯನ್ನೇ ಮೇವು ಎಂದುಕೊಂಡು ದಿನವೂ ತಪ್ಪದೆ ಹಾಕಿದ. ಕುರಿಗಳು ಬೇರೆ ಗತಿಯಿಲ್ಲದೆ ತಿಂದವು. ಹೊಟ್ಟೆ ತುಂಬಿತು, ಮೈಗೆ ಏನೂ ಹತ್ತಲಿಲ್ಲ. ಒಳ್ಳೆಯ ಹುಲ್ಲು, ಕಾಳು ಎಲ್ಲ ಅಟ್ಟದ ಮೇಲೆ ಹಾಗೆಯೇ ಇತ್ತು.

"ಅಲ್ಲಿ ಅವನು ಏನು ಮಾಡ್ತಿದ್ದ?" ಎಂದು ಅಣ್ಣ ಕೇಳಿದ. ದನಿ ಸಣ್ಣದಾಗಿತ್ತು.

"ಔಷಧಿಗೆ ಓಡ್ತಿದ್ದ. ರಕ್ತ ಕೊಟ್ಟ. ನನಗೆ ಬಲವಂತವಾಗಿ ಬ್ರೆಡ್ ತಿನ್ನಿಸ್ತಿದ್ದ. ಮಿಕ್ಕಿದ ಹೊತ್ತು ನಿಮ್ಮ ಬಾಗಿಲ ಮುಂದೆ ಕೂತಿರ್ತಿದ್ದ. ಜ್ವರ ಇಳಿದ ಮೇಲೆ, ನೀವು ಕಣ್ಣು ಬಿಡೋಕೆ ಮುಂಚೆ ವಾಪಸ್ ಬಂದ."

"ಇದನ್ನ ಯಾಕೆ ಮುಚ್ಚಿಟ್ರಿ ಇಬ್ರೂ? ನನ್ನ ಕಾಯಿಲೆ ವಿಷಯ ನನಗೆ ಹೇಳೋಕೇನಾಗಿತ್ತು?"

ಅವಳು ಕತ್ತರಿಯನ್ನು ಬಟ್ಟೆಗೆ ಒರೆಸಿದಳು. ಒರೆಸುವಂಥದ್ದೇನೂ ಅದಕ್ಕೆ ಹತ್ತಿರಲಿಲ್ಲ.

"ಇನ್ನೂ ಒಂದಿದೆ. ಮಾಂಸದ ವ್ಯಾಪಾರಿಗೆ ಫೋನ್ ಮಾಡಿದ್ದೆ. ಇಡೀ ಹಿಂಡು ತಗೋತೀಯಾ ಅಂತ."

"ಯಾವಾಗ?"

"ನೀವು ಬದುಕಿರೋವಾಗ್ಲೇ."

ಕುರಿ ಒಮ್ಮೆ ತಲೆ ಕೊಡವಿತು. ಅವನು ಅದರ ಗದ್ದ ಹಿಡಿದು ಸುಮ್ಮನಾಗಿಸಿದ.

"ನೀವು ಉಳಿಯಲ್ಲ ಅಂತ ನಾನು ಒಪ್ಕೊಂಡುಬಿಟ್ಟಿದ್ದೆ" ಎಂದಳು. "ಅಳು ಮುಗಿದು ಲೆಕ್ಕ ಶುರುವಾಗಿತ್ತು. ಕುರಿ ನನ್ನೊಬ್ಬಳ ಕೈಲಿ ಆಗಲ್ಲ, ತಮ್ಮನಿಗೆ ಸೀನು. ಕೊಟ್ಬಿಡೋಣ ಅಂದ್ಕೊಂಡೆ. ವ್ಯಾಪಾರಿ ಬೆಲೆನೂ ಹೇಳಿದ. ನಾನು ಹೂಂ ಅನ್ನೋದರಲ್ಲಿದ್ದೆ. ಪಕ್ಕದಲ್ಲಿದ್ದ ನಿಮ್ಮ ತಮ್ಮ ಫೋನ್ ಕಿತ್ಕೊಂಡ. ಅಣ್ಣ ಇನ್ನೂ ಇದಾನೆ ಅತ್ತಿಗೆ, ಸ್ವಲ್ಪ ತಡೀರಿ ಅಂದ. ಆಮೇಲೆ ನೀವು ಎದ್ದು ಕೂತ್ರಿ. ಯಾವ ಮುಖ ಇಟ್ಕೊಂಡು ಹೇಳ್ಲಿ? ಅವನ ಹತ್ರ ಆಣೆ ಹಾಕಿಸ್ಕೊಂಡೆ, ಅಣ್ಣಂಗೆ ಇದ್ಯಾವುದೂ ಗೊತ್ತಾಗಬಾರದು ಅಂತ. ಒಂದು ಹೇಳಿದ್ರೆ ಇನ್ನೊಂದೂ ಹೇಳಬೇಕಾಗುತ್ತಲ್ಲ."

ದೊಡ್ಡಿಯಲ್ಲಿ ಉಳಿದ ಕುರಿಗಳು ಒಂದರ ಮೇಲೊಂದು ಬಿದ್ದು ಇತ್ತ ನೋಡುತ್ತಿದ್ದವು. ಅವನು ಕುರಿಯ ಕಾಲನ್ನು ಮತ್ತೆ ಸರಿಯಾಗಿ ಹಿಡಿದುಕೊಂಡ.

"ತಲೆಗೆ ಎಷ್ಟಂದ?" ಎಂದ ಆಮೇಲೆ.

ಅವಳು ಹೇಳಿದಳು.

"ಮರಿ ಸೇರಿಸಿನಾ?"

"ಸೇರಿಸಿ."

"ಕಳ್ಳ ನನ್ಮಗ! ಬರೀ ಚರ್ಮಕ್ಕೇ ಅಷ್ಟು ಸಿಗುತ್ತಲ್ಲೇ!"

ಅವಳು ಕತ್ತರಿ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಕುರಿಯನ್ನು ಬಿಟ್ಟು ಏಳುವ ಹಾಗೂ ಇರಲಿಲ್ಲ. "ಇನ್ನೊಂದು ಕಾಲಿದೆ" ಎಂದಷ್ಟೇ ಹೇಳಿದ.

ಆ ಮಾತಿನಿಂದ ಎಲ್ಲ ತಿಳಿಯಾಯಿತೆಂದಲ್ಲ. ಮುಂದಿನ ಕೆಲವು ದಿನ ಅವನು ಅವಳನ್ನು ಬೇರೆ ಥರ ನೋಡುತ್ತಿದ್ದ. ಅವಳು ಬಟ್ಟೆ ಒಣಗಿಸುವಾಗ, ತಲೆ ಬಾಚಿಕೊಳ್ಳುವಾಗ, ತಾನು ಸತ್ತಿದ್ದರೂ ಅವಳು ಇದನ್ನೆಲ್ಲ ಹೀಗೇ ಮಾಡಿಕೊಂಡಿರುತ್ತಿದ್ದಳು ಎಂಬ ಯೋಚನೆ ಬರುತ್ತಿತ್ತು. ತಾನಲ್ಲಿ ಉಸಿರಿಗೆ ಗುದ್ದಾಡುತ್ತಿದ್ದಾಗ ಬಾಗಿಲಾಚೆ ತನ್ನನ್ನು ಬಿಟ್ಟು ಮುಂದಿನ ದಿನಗಳನ್ನು ಜೋಡಿಸಿಕೊಳ್ಳುತ್ತಿದ್ದರು ಎಂಬುದು ಚುಚ್ಚುತ್ತಿತ್ತು. ಬೆಲೆ ಬಿದ್ದದ್ದು ಅದರ ಮುಂದೆ ಏನೂ ಅಲ್ಲ ಅನ್ನಿಸಿತು. ಒಂದು ದಿನ ಟೀ ಕುಡಿಯುತ್ತ ಇದ್ದಕ್ಕಿದ್ದಂತೆ ಕೇಳಿದ:

"ಮನೆ ಏನು ಮಾಡ್ಬೇಕು ಅಂತಿದ್ದೆ?"

ಅವಳಿಗೆ ತಕ್ಷಣ ಅರ್ಥವಾಯಿತು. "ಮನೆ ಇಟ್ಕೊಳ್ಳೋದು ಅಂತಿದ್ದೆ. ಮುಂದಿನ ಕೋಣೆ ಬಾಡಿಗೆಗೆ ಕೊಟ್ಟು."

ಅವನು ಯೋಚಿಸಿದ. "ಒಳ್ಳೇ ಯೋಚನೆನೇ" ಎಂದ. ಅವಳ ಜಾಗದಲ್ಲಿ ತಾನಿದ್ದರೂ ಇದನ್ನೇ ಮಾಡುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು; ವ್ಯಾಪಾರಿಯ ಹತ್ತಿರ ಇನ್ನಷ್ಟು ಚೌಕಾಸಿ ಮಾಡುತ್ತಿದ್ದೆ, ಅಷ್ಟೇ ವ್ಯತ್ಯಾಸ. ಅದಾದ ಮೇಲೆ ಚುಚ್ಚುವುದು ಕಡಿಮೆಯಾಯಿತು. ಪೂರ್ತಿ ಹೋಯಿತೆಂದು ಅವನು ಯಾವತ್ತೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಟೈರ್ ಅಂಗಡಿಗೆ ಹೋದ. ಅಲ್ಲೊಂದು ಲಾರಿ ನಿಂತಿತ್ತು. ಅದರ ಕೆಳಗಿನಿಂದ ತಮ್ಮನ ಕಾಲುಗಳು ಮಾತ್ರ ಕಾಣುತ್ತಿದ್ದವು. ಅಣ್ಣ ಹಳೆಯ ಟೈರುಗಳ ರಾಶಿಯ ಮೇಲೆ ಕೂತ. ಮುಖ ಕಾಣದಿರುವುದು ಅನುಕೂಲವೇ ಆಯಿತು.

"ನಿಮ್ಮ ಅತ್ತಿಗೆ ಹೇಳಿದ್ಲು."

ಕಾಲುಗಳು ಅಲುಗಾಡುವುದು ನಿಂತಿತು. "ಎಷ್ಟು ಹೇಳಿದ್ರು?"

"ಎಲ್ಲಾ."

"ವ್ಯಾಪಾರಿ ವಿಷಯನೂ?"

"ಅದೂನೂ."

ಲಾರಿಯ ಕೆಳಗೆ ಒಂದು ಉದ್ದನೆಯ ಉಸಿರು ಕೇಳಿಸಿತು. "ಅತ್ತಿಗೆ ಮೇಲೆ ರೇಗಾಡಬೇಡ ಅಣ್ಣ. ನೀನು ಆಗ ಹೇಗಿದ್ದೆ ಅಂತ ನಿನಗೆ ಗೊತ್ತಿಲ್ಲ. ನಾನೂ ಒಳಗೊಳಗೆ ಅದನ್ನೇ ಅಂದ್ಕೊಂಡಿದ್ದೆ. ಬಾಯಿ ಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೇ."

"ನಾನು ರೇಗಾಡ್ಲಿಲ್ಲ." ಅಣ್ಣ ಕೈಗಳನ್ನು ತೊಡೆಗೆ ಉಜ್ಜಿಕೊಂಡ. "ಅವತ್ತು ನಾನು ಇಲ್ಲಿ ನಿಂತ್ಕೊಂಡು ಅಂದ ಮಾತು ಇದೆಯಲ್ಲ..."

"ಹದಿನೇಳನೇ ನಂಬರ್ ಸ್ಪ್ಯಾನರ್ ಕೊಡು."

ಅಣ್ಣ ಪೆಟ್ಟಿಗೆಯಲ್ಲಿ ತಡಕಾಡಿ ಒಂದನ್ನು ಲಾರಿಯ ಕೆಳಗೆ ಚಾಚಿದ. ಅದು ತಕ್ಷಣ ವಾಪಸ್ ಬಂತು.

"ಇದು ಹತ್ತೊಂಬತ್ತು."

"ಸ್ಪ್ಯಾನರ್ ಅಂದ್ರೆ ಸ್ಪ್ಯಾನರ್" ಎಂದ ಅಣ್ಣ.

ಕೆಳಗೆ ತಮ್ಮ ನಕ್ಕದ್ದು ಕೇಳಿಸಿತು. ಆ ಭಾನುವಾರ ಅವನು ಊಟಕ್ಕೆ ಬಂದ.

ಮುಂದಿನ ಚಳಿಗಾಲದಲ್ಲಿ ಅಣ್ಣ ಹುಷಾರಾಗಿದ್ದ. ಮೇವು ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು. ಪಕ್ಕದ ಮನೆಯ ಮುದುಕನಿಗೆ ಯಾವುದು ಹಾಸುವ ಕಡ್ಡಿ, ಯಾವುದು ತಿನ್ನುವ ಹುಲ್ಲು ಎಂದು ಕೈಗೆ ಕೊಟ್ಟು ಮೂಸಿಸಿ ತೋರಿಸಿದ್ದೂ ಆಯಿತು. ಮುದುಕ ಬಹಳ ನೊಂದುಕೊಂಡು, ಹೆದ್ದಾರಿಯಲ್ಲಿ ಇಷ್ಟು ವರ್ಷ ಬಸ್ ಓಡಿಸಿದ್ದರೂ ಇಂಥ ತಪ್ಪು ಮಾಡಿರಲಿಲ್ಲ ಎಂದ. ಬೇಸಿಗೆಗೆ ಉಣ್ಣೆ ಕತ್ತರಿಸಿದಾಗ ಅಣ್ಣ ಒಂದೊಂದು ಕುರಿಯ ಉಣ್ಣೆಯನ್ನೂ ಎಳೆದೆಳೆದು ನೋಡಿದ. ಎಲ್ಲವೂ ಗಟ್ಟಿಯಾಗಿತ್ತು.

ಆದರೆ ಅವನು ಮಳಿಗೆಗೆ ಹೋಗುವಂತಿರಲಿಲ್ಲ. ಅಲ್ಲಿನ ಧೂಳು ಅವನ ಎದೆಗೆ ಒಳ್ಳೆಯದಲ್ಲ ಎಂದು ಈ ಸಲದ ತಪಾಸಣೆಯಲ್ಲಿ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೆಂಡತಿ ಹೋದಳು. ತಮ್ಮ ಮೂಗು ಬಾಯಿ ಕಟ್ಟಿಕೊಂಡು ಟೆಂಪೊ ಓಡಿಸಿದ. ಅಣ್ಣ ದಿನವಿಡೀ ಮನೆಯಲ್ಲಿ ಒಳಗೆ ಹೊರಗೆ ಓಡಾಡಿದ. ಫೋನ್ ಕೈಯಲ್ಲೇ ಇತ್ತು. ಮಾಡಿದರೆ ಅವಳು ಬೈಯುತ್ತಾಳೆಂದು ಮಾಡಲಿಲ್ಲ.

ಸಂಜೆ ಇಬ್ಬರೂ ಬಂದಾಗ ಅವಳ ತಲೆಗೂದಲಿಗೆಲ್ಲ ಉಣ್ಣೆಯ ಸಣ್ಣ ಎಳೆಗಳು ಅಂಟಿದ್ದವು. ಚಪ್ಪಲಿ ಬಿಡುವ ಮೊದಲೇ ಅವನು ಕೇಳಿದ:

"ಯಾವ ಸಾಲು?"

"ಎರಡನೇದು."

"ಎರಡನೇದಾ? ಅಷ್ಟು ಗಟ್ಟಿ ಉಣ್ಣೆಗೆ?"

"ಉಣ್ಣೆ ಮೊದಲನೇ ಸಾಲಿಂದೇ ಅಂತ ಆ ಪರೀಕ್ಷೆಯವಳೇ ಹೇಳಿದ್ಲು. ಆದ್ರೆ ಹೋದ ವರ್ಷದ್ದು ಮಿಲ್ಲಿನವರಿಗೆ ಇನ್ನೂ ನೆನಪಿದೆಯಂತೆ. ಒಂದು ವರ್ಷದ ಕೆಟ್ಟ ಹೆಸರು ತೊಳಿಯೋಕೆ ಎರಡು ವರ್ಷ ಬೇಕು, ಇದು ಎಲ್ಲರಿಗೂ ಹೀಗೇ ಅಂದ್ಲು."

"ನೀನು ಸುಮ್ನೆ ಬಂದ್ಯಾ?"

"ಅತ್ತಿಗೆ ಸುಮ್ನೆ ಬರೋರಾ!" ಎಂದ ತಮ್ಮ, ಮೂಗಿನ ಬಟ್ಟೆ ಬಿಚ್ಚುತ್ತ. "ಮಿಲ್ಲಿನ ಖರೀದಿದಾರನ್ನ ಕೈ ಹಿಡಿದು ಎಳ್ಕೊಂಡು ಬರೋದೊಂದು ಬಾಕಿ. ಒಂದು ಮೂಟೆ ಬಿಚ್ಚಿ ಹರಡಿ, ನಿಮಗೆ ಇಷ್ಟ ಬಂದ ಕಡೆಯಿಂದ ಕಿತ್ತು ನೋಡಿ ಅಂದ್ರು. ಆ ಮನುಷ್ಯ ಎಂಟು ಕಡೆ ಕಿತ್ತು ನೋಡಿದ. ಕೊನೆಗೆ ಎಲ್ಲಾ ಮೂಟೆನೂ ಅವನೇ ತಗೊಂಡ."

ಸಿಕ್ಕಿದ ಬೆಲೆ ಹಳೆಯ ಒಳ್ಳೆಯ ವರ್ಷಗಳಷ್ಟು ಇರಲಿಲ್ಲ. ಹೋದ ವರ್ಷಕ್ಕಿಂತ ಬಹಳ ಮೇಲಿತ್ತು. ಅಣ್ಣ ಅದನ್ನು ಕೇಳಿ, ಮೊದಲ ಸಾಲಿನಲ್ಲಿದ್ದವರಿಗೆ ಎಷ್ಟು ಸಿಕ್ಕಿತು, ಅವರ ಉಣ್ಣೆ ಹೇಗಿತ್ತು, ಅದರಲ್ಲಿ ಕಸ ಇತ್ತೋ ಇಲ್ಲವೋ ಎಂದು ಒಂದೊಂದಾಗಿ ವಿಚಾರಿಸಿದ. ಅವಳು ಕೈ ಕಾಲು ತೊಳೆದು ಬಂದು, ಬಡಿಸುತ್ತ, ಎಲ್ಲದಕ್ಕೂ ಉತ್ತರ ಕೊಟ್ಟಳು. ಅವನಿಗಿಂತ ಹೆಚ್ಚೇ ನೋಡಿಕೊಂಡು ಬಂದಿದ್ದಳು.

"ಮುಂದಿನ ಸಲ ಡಾಕ್ಟರಿಗೆ ಹೇಳಿ ನಾನೇ ಹೋಗ್ತೀನಿ" ಎಂದ ಅವನು.

"ಬೇಡ. ನಾನೇ ಹೋಗ್ತೀನಿ" ಎಂದಳು. "ಚೆನ್ನಾಗಿದೆ ಅಲ್ಲಿ. ಇಷ್ಟು ವರ್ಷ ಒಂದು ದಿನಾನೂ ಕರ್ಕೊಂಡು ಹೋಗ್ಲಿಲ್ಲ ನೀವು."

ಅವನು ಬೆಂಬಲಕ್ಕೆಂದು ತಮ್ಮನ ಮುಖ ನೋಡಿದ. ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೊರಗೆ ಮೋಡ ಕವಿದು ಗಾಳಿ ಎದ್ದಿತ್ತು. ಹೊಸದಾಗಿ ಉಣ್ಣೆ ತೆಗೆಸಿಕೊಂಡ ಕುರಿಗಳಿಗೆ ಮೊದಲ ಮಳೆ ತಾಗಿದರೆ ಚಳಿಜ್ವರ ಹಿಡಿಯುತ್ತದೆ. ಅವನು ಊಟ ಮುಗಿಸಿ, ಕೈ ತೊಳೆದು, ಅವುಗಳನ್ನು ಒಳಗೆ ಕೂಡಿಹಾಕಲು ಎದ್ದ.